ಇಪ್ಪತ್ತೆರಡು ವರ್ಷ ಸರಿಯಾಗಿದ್ದ ಉಪ್ಪು

ಇಪ್ಪತ್ತೆರಡು ವರ್ಷ ನಾನು ನನ್ನ ಹೆಂಡತಿಯ ಅಡುಗೆಯಲ್ಲಿ ಒಂದೇ ಒಂದು ಕೊಂಕು ತೆಗೆಯಲಿಲ್ಲ. ಹಾಕಿದ್ದು ತಿಂದೆ, ಎದ್ದೆ, ತಟ್ಟೆ ತೊಳೆದಿಟ್ಟೆ. ನಾದಿನಿಯರು ದಾವಣಗೆರೆಯಿಂದ ಬಂದಾಗಲೆಲ್ಲ ನನ್ನನ್ನು ತೋರಿಸಿ ಅವರವರ ಗಂಡಂದಿರನ್ನು ತಿವಿಯುತ್ತಿದ್ದರು. "ನಮ್ಮ ಭಾವನ್ನ ನೋಡಿ ಕಲೀರಿ. ಎಷ್ಟು ಸಮಾಧಾನ!" ನಾನು ನಗುತ್ತಿದ್ದೆ. ಅಲ್ಲಿ ನಗಬೇಕು ಅಂತ ಗೊತ್ತಿತ್ತು, ನಗುತ್ತಿದ್ದೆ, ಅಷ್ಟೆ.

ಆ ಸಮಾಧಾನ ಒಂದು ಕಾಯಿಲೆ ಅಂತ ಗೊತ್ತಾದಾಗ ನನಗೆ ನಲವತ್ತೊಂಬತ್ತು. ಈಗ ಐವತ್ತಮೂರು. ದಿನಕ್ಕೊಂದು ಮಾತ್ರೆ ಇನ್ನೂ ಇದೆ. ವರ್ಷದಲ್ಲಿ ಒಂದೆರಡು ಸಲ ಆ ಮಂಕು ವಾಪಸ್ ಬಂದು ವಾರಗಟ್ಟಲೆ ಕೂರುತ್ತೆ, ಈಗ ಅದರ ಮುಖ ಪರಿಚಯ ಇದೆ. ಇದನ್ನು ಬರೆಯೋದು ನನ್ನಂಥವರಿಗೆ. ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಬಸ್ ಹಿಡಿದು, ಕೆಲಸ ಮುಗಿಸಿ, ಬರುವಾಗ ಸೊಪ್ಪು ತಂದು, ಹೇಗಿದ್ದೀರಾ ಅಂದರೆ "ಹೂಂ, ಪರವಾಗಿಲ್ಲ" ಅನ್ನುತ್ತಾ ವರ್ಷಗಳನ್ನೇ ಕಳೆದವರಿಗೆ. ನಮ್ಮನ್ನು ನೋಡಿ ಯಾರೂ ಅಯ್ಯೋ ಅನ್ನಲ್ಲ. ಶಹಬ್ಬಾಸ್ ಅಂತಾರೆ.

ನನಗಂತೂ ಆಫೀಸಿನಲ್ಲೂ ಶಹಬ್ಬಾಸ್‌ಗಿರಿ ಸಿಕ್ಕಿತ್ತು. ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಒಂದು ವಿಮಾ ಕಚೇರಿ. ನನ್ನನ್ನು ಡೆತ್ ಕ್ಲೇಮ್ ಕೌಂಟರಿನಲ್ಲಿ ಕೂರಿಸಿದ್ದರು. ಸತ್ತವರ ಮನೆಯವರು ಪಾಲಿಸಿ ಬಾಂಡು, ಮರಣ ಪತ್ರ ಹಿಡಿದು ಬರುವ ಜಾಗ. ಬೇರೆಯವರು ಆರು ತಿಂಗಳಿಗೇ "ಬೇಡಪ್ಪಾ ಸಾಕು" ಅಂತ ಕೈ ಮುಗಿದು ಬೇರೆ ಸೆಕ್ಷನ್ನಿಗೆ ಓಡುತ್ತಿದ್ದರು. ನಾನು ಹನ್ನೊಂದು ವರ್ಷ ಕೂತೆ. ಹೆಂಗಸರು ಕೌಂಟರಿಗೆ ತಲೆ ಚಚ್ಚಿಕೊಂಡು ಅಳುತ್ತಿದ್ದರೆ ನಾನು ಎಲ್ಲಿ ಸಹಿ ಮಾಡಬೇಕು ಅಂತ ತೋರಿಸುತ್ತಿದ್ದೆ. ಒಬ್ಬ ಮ್ಯಾನೇಜರು ತಮ್ಮ ನಿವೃತ್ತಿಯ ದಿನ ಭಾಷಣದಲ್ಲಿ "ನಮ್ಮ ಶ್ರೀನಿವಾಸ್ ಬಂಡೆ ಕಣ್ರೀ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಂಡೆ ಬಿರುಕು ಬಿಟ್ಟಿದ್ದು ನನ್ನ ಮಗಳು ಚೈತ್ರಳ ಒಂದು ಫೋನಿನಿಂದ. ಅವಳಿಗೆ ಮಹದೇವಪುರದ ಕಡೆ ಮೊದಲ ಕೆಲಸ ಸಿಕ್ಕಿತ್ತು. ನಾನು ಕೌಂಟರಿನಲ್ಲಿದ್ದೆ. "ಅಪ್ಪಾ, ಆಗೋಯ್ತು! ಸೆಲೆಕ್ಟ್ ಆದೆ!" ಅಂತ ಕಿರುಚಿದಳು. ನಾನು "ಒಳ್ಳೇದಾಯ್ತು. ಊಟ ಆಯ್ತಾ?" ಅಂದೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು, "ನಿಂಗೆ ಖುಷಿ ಆಗ್ಲಿಲ್ವಾ ಅಪ್ಪ?"

ಖುಷಿ ಆಯ್ತು ಮಗಳೇ ಅಂತ ಹೇಳಿ ಇಟ್ಟೆ. ಇಟ್ಟ ಮೇಲೆ ಎದೆಯೊಳಗೆ ಹುಡುಕಿದೆ. ಜೇಬಿನಲ್ಲಿ ಬಸ್ ಪಾಸ್ ಇದೆಯಾ ಅಂತ ತಡಕಾಡುತ್ತೀವಲ್ಲ, ಹಾಗೆ. ಇರಲಿಲ್ಲ. ಒಬ್ಬಳೇ ಮಗಳು, ಎರಡು ವರ್ಷದಿಂದ ನಿದ್ದೆಗೆಟ್ಟು ಓದಿದವಳು, ಮೊದಲು ಫೋನ್ ಮಾಡಿದ್ದೇ ನನಗೆ. ಆದರೂ ಇರಲಿಲ್ಲ. ಆಗ ನನಗೆ ಭಯ ಆಯ್ತು. ಬಹಳ ವರ್ಷಗಳ ಮೇಲೆ ಆದ ಮೊದಲನೇ ಭಯ.

ಆಗಾಗ ಮೈಕೈ ನೋವು, ಸುಸ್ತು ಅಂತ ತೋರಿಸುತ್ತಿದ್ದ ಕೆ.ಆರ್. ಪುರದ ಡಾಕ್ಟರ ಹತ್ತಿರ ಹೋಗಿ, "ಮಗಳಿಗೆ ಕೆಲಸ ಸಿಕ್ತು, ನನಗೆ ಖುಷಿ ಆಗ್ಲಿಲ್ಲ" ಅಂದೆ. ರಕ್ತ ಪರೀಕ್ಷೆ, ಥೈರಾಯ್ಡು, ಸಕ್ಕರೆ ಎಲ್ಲಾ ನೋಡಿ ನೋಡಿ ಸಾಕಾಗಿದ್ದ ಮನುಷ್ಯ. ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಹೇಳೋದಲ್ವೇನ್ರೀ" ಅಂತ ಬೈದು ರಿಚರ್ಡ್ಸ್ ಟೌನಿನ ಒಬ್ಬ ಮನೋವೈದ್ಯೆಗೆ ಚೀಟಿ ಬರೆದುಕೊಟ್ಟರು. ಬೈದದ್ದು ನನಗೆ ಯಾಕೋ ಹಿತವಾಯ್ತು.

ಸುಮಂಗಲಾಗೆ, ಅಂದರೆ ನನ್ನ ಹೆಂಡತಿಗೆ, ನಿದ್ದೆಗೆ ಸಂಬಂಧಪಟ್ಟ ಡಾಕ್ಟರು ಅಂತ ಹೇಳಿ ಕರೆದುಕೊಂಡು ಹೋದೆ. ಹಳೇ ಬಂಗಲೆ, ಹೆಂಚಿನ ಮಾಡು, ಅಂಗಳದಲ್ಲಿ ಹಲಸಿನ ಮರ. ವರಾಂಡದಲ್ಲಿ ಬೆತ್ತದ ಕುರ್ಚಿಗಳು. ಬೋರ್ಡು ಓದಿ ಸುಮಂಗಲಾ ನನ್ನ ಮುಖ ನೋಡಿದಳು, ಸೆರಗು ಹೊದ್ದು ಮೂಲೆಯ ಕುರ್ಚಿಯಲ್ಲಿ ಕೂತಳು. ನಾನು ಗೇಟಿನ ಕಡೆಯೇ ನೋಡುತ್ತಿದ್ದೆ. ಆಫೀಸಿನವರು ಯಾರಾದರೂ ಈ ರಸ್ತೆಯಲ್ಲಿ ಹೋದರೆ?

ಪಕ್ಕದಲ್ಲಿ ಬಿಳಿ ಗಡ್ಡದ ಒಬ್ಬರು ಕೂತಿದ್ದರು. ರಸೆಲ್ ಮಾರ್ಕೆಟ್ ಹಿಂದುಗಡೆ ಗುಂಡಿ, ದಾರ, ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟುಕೊಂಡವರು, ಗಫೂರ್ ಸಾಬ್ರು. ಅವರೇ ಮಾತು ತೆಗೆದರು.

"ಮೊದಲನೇ ಸಲಾನಾ ಸಾಬ್?"

"ಹೇಗೆ ಗೊತ್ತಾಯ್ತು?"

"ಗೇಟ್ ನೋಡ್ತಾನೇ ಇದೀರಲ್ಲ. ನಾನೂ ಹಂಗೇ. ಮೊದಲ್ನೇ ದಿನ ಯಾರಾದ್ರೂ ನೋಡ್ಬಿಟ್ರೆ ಅಂತ ಮುಖಕ್ಕೆ ಪೇಪರ್ ಅಡ್ಡ ಹಿಡ್ಕೊಂಡು ಕೂತಿದ್ದೆ. ಒಳಗೆ ಕರೆದಾಗ ನೋಡ್ತೀನಿ, ಪೇಪರ್ ಉಲ್ಟಾ!" ಅಂತ ಹೊಟ್ಟೆ ಕುಲುಕಿಸಿ ನಕ್ಕರು. ಜೇಬಿನಿಂದ ಪೆಪ್ಪರಮಿಂಟು ತೆಗೆದು ನನಗೊಂದು, ಸುಮಂಗಲಾಗೊಂದು ಕೊಟ್ಟರು. "ತಗೊಳ್ಳಿ ಬಹೆನ್. ಆಯಮ್ಮ ಕಚ್ಚಲ್ಲ. ಏಳು ವರ್ಷದಿಂದ ಬರ್ತಾ ಇದೀನಿ, ಇನ್ನೂ ಕಚ್ಚಿಲ್ಲ." ಸುಮಂಗಲಾ ಆ ದಿನ ನಕ್ಕಿದ್ದು ಅದೊಂದೇ ಸಲ.

ಒಳಗೆ ಡಾಕ್ಟರಮ್ಮ ಅವಸರವಿಲ್ಲದ ಹೆಂಗಸು. ನನ್ನ ಮಾತೆಲ್ಲ ಕೇಳಿದ ಮೇಲೆ, "ಇದು ಯಾವಾಗಿನಿಂದ?" ಅಂದರು.

"ಹುಟ್ಟಿದಾಗಿನಿಂದ ಡಾಕ್ಟ್ರೇ. ನನ್ನ ಸ್ವಭಾವಾನೇ ಹೀಗೆ. ಸ್ವಭಾವಕ್ಕೆ ಮಾತ್ರೆ ಎಲ್ಲಿಂದ ಬರುತ್ತೆ?" ಅಂದೆ. ಅದನ್ನು ನಾನು ನಿಜವಾಗಿಯೂ ನಂಬಿದ್ದೆ. ನಂಬಿದ್ದರಿಂದಲೇ ಅಲ್ಲಿಂದ ಎದ್ದು ಬರುವುದಕ್ಕೆ ತಯಾರಾಗಿದ್ದೆ.

"ಸುಳ್ಳು," ಅಂದಳು ಸುಮಂಗಲಾ. "ಇವ್ರು ಹೀಗಿರ್ಲೇ ಇಲ್ಲ ಡಾಕ್ಟ್ರೇ. ಮದುವೆ ಆದ ಹೊಸದ್ರಾಗೆ ಊಟಕ್ಕೆ ಕೂತ್ರೆ ದಿನಾ ರಂಪ. ಉಪ್ಪು ಕಮ್ಮಿ, ಹುಳಿ ಜಾಸ್ತಿ, ನಿಮ್ಮ ದಾವಣಗೆರೆ ಖಾರ ನೀವೇ ತಿನ್ರಿ ಅಂತ. ನಾನು ಅಳ್ತಿದ್ದೆ. ಅತ್ತೆ ಬಂದು ಇವ್ರಿಗೆ ಬೈತಿದ್ರು. ಇಡೀ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಇವ್ರ ಗಂಟಲು ಕೇಳ್ತಿತ್ತು."

"ಹೌದಾ? ಯಾವಾಗ ನಿಲ್ಲಿಸಿದ್ರು?"

"ಮಾವ ರಿಟೈರ್ ಆಗಿ, ಕ್ವಾರ್ಟರ್ಸ್ ಬಿಟ್ಟು ಕೆ.ಆರ್. ಪುರಕ್ಕೆ ಬಂದ್ವಲ್ಲ, ಆ ವರ್ಷ. ಅಷ್ಟೊತ್ತಿಗೆ ನನಗೂ ಅಡುಗೆ ಹದ ಸಿಕ್ತು. ಅತ್ತೆ ಕೂರಿಸ್ಕೊಂಡು ಹೇಳ್ಕೊಟ್ಟಿದ್ರು. ಅಲ್ಲಿಂದ ಇವ್ರು ಒಂದು ದಿನಾನೂ..."

ಅಲ್ಲಿಗೆ ಮಾತು ನಿಲ್ಲಿಸಿದಳು. ಬಾಯಿ ಹಾಗೇ ತೆರೆದಿತ್ತು. ಡಾಕ್ಟರಮ್ಮ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಇಪ್ಪತ್ತೆರಡು ವರ್ಷ ಆ ಹೆಂಗಸು ತನ್ನ ಅಡುಗೆ ಸುಧಾರಿಸಿತು ಅಂದುಕೊಂಡಿದ್ದಳು. ಸುಧಾರಿಸಿಯೂ ಇತ್ತು. ಆದರೆ ನಾನು ಸುಮ್ಮನಾದದ್ದಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ.

"ಇದು ಡಿಪ್ರೆಶನ್, ಖಿನ್ನತೆ. ಜೋರಾಗಿ ಬಂದಿದ್ರೆ ಮನೆಯವರಿಗೆ ಗೊತ್ತಾಗ್ತಿತ್ತು," ಅಂದರು ಡಾಕ್ಟರಮ್ಮ. "ಸಣ್ಣಗೆ ಬಂದು ಮನೆಯವರಲ್ಲೇ ಒಬ್ಬರಾಗಿ ಕೂತ್ಬಿಟ್ಟಿದೆ. ಇದು ನಿಮ್ಮ ಸ್ವಭಾವ ಅಲ್ಲ ಶ್ರೀನಿವಾಸ್. ನಿಮ್ಮ ಸ್ವಭಾವ ಇವರು ಈಗ ಹೇಳಿದ್ರಲ್ಲ, ಅದು."

ಹೊರಗೆ ಬಂದು ಆಟೋ ಹತ್ತಿದೆವು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿಗೆ ಬಂದು ಆಟೋ ನಿಂತಿತು. ಅಲ್ಲಿ ಎಂದಿನಂತೆ ಗಾಡಿಗಳು ಒಂದರ ಮೇಲೊಂದು ಬಿದ್ದ ಹಾಗೆ ನಿಂತಿದ್ದವು, ಎಲ್ಲರೂ ಹಾರನ್ನು ಒತ್ತುತ್ತಿದ್ದರು. ಸುಮಂಗಲಾ ನನ್ನ ಕಡೆ ತಿರುಗದೆ ಕೇಳಿದಳು.

"ರೀ, ನಿಜ ಹೇಳ್ಬೇಕು. ಇಷ್ಟು ವರ್ಷ ನನ್ನ ಜೊತೆ ನಿಮಗೆ ಖುಷಿ ಅನ್ನೋದು ಇತ್ತೋ ಇಲ್ವೋ?"

ಇತ್ತು ಅನ್ನಬಹುದಿತ್ತು. ಒಂದು ಮಾತು, ಏನು ಗಂಟು ಹೋಗ್ತಿತ್ತು? ಆದರೆ ಮೊನ್ನೆ ತಾನೇ ಮಗಳಿಗೆ ಒಂದು ಸುಳ್ಳು ಹೇಳಿ ಅದರಿಂದಲೇ ಇಲ್ಲಿಯವರೆಗೆ ಬಂದಿದ್ದೆ. "ಗೊತ್ತಿಲ್ಲ ಕಣೇ," ಅಂದೆ.

"ಸರಿ," ಅಂದಳು. ಸಿಗ್ನಲ್ ಬಿಟ್ಟಿತು.

ಕಾಯಿಲೆಯ ಹೆಸರು ಕೇಳಿದಾಗ ಆಗದ ನೋವು ನನಗೆ ಆ "ಸರಿ"ಯಿಂದ ಆಯ್ತು. ಅವಳ ಮದುವೆಯನ್ನೇ ನಾನು ಅವಳ ಕೈಯಿಂದ ಕಿತ್ತುಕೊಂಡ ಹಾಗಿತ್ತು. ಮರುದಿನದಿಂದ ಊಟ ಬಡಿಸುವಾಗ "ಹೆಂಗದ?" ಅಂತ ಕೇಳೋದನ್ನು ಬಿಟ್ಟಳು. ಇಷ್ಟು ವರ್ಷವೂ ತಪ್ಪದೆ ಕೇಳುತ್ತಿದ್ದವಳು, ನಾನು ತಪ್ಪದೆ "ಚೆನ್ನಾಗಿದೆ" ಅನ್ನುತ್ತಿದ್ದವನು. ಒಂದು ದಿನ ನಾನೇ ಮೇಲೆ ಬಿದ್ದು "ಸಾರು ಸೂಪರ್" ಅಂದೆ. "ಸುಳ್ಳು ಹೇಳ್ಬೇಡಿ," ಅಂದಳು. ಅಷ್ಟೆ.

ಮಾತ್ರೆ ಶುರುವಾಯ್ತು. ಮೊದಲ ಎರಡು ವಾರ ಬಾಯಿ ಒಣಗೋದು, ಬಸ್ಸಿನಲ್ಲಿ ಹೊಟ್ಟೆ ತೊಳಸೋದು. ಗುಣ ಅಂತ ಏನೂ ಕಾಣಲಿಲ್ಲ. ಬೇರೆಯವರಿಗೆ ಇದು ತಿಳಿದಿರಲಿ ಅಂತ ಹೇಳ್ತೀನಿ, ಆ ವಾರಗಳಲ್ಲಿ ಬಿಟ್ಟುಬಿಡೋಣ ಅಂತ ನನಗೆ ಹತ್ತು ಸಲ ಅನ್ನಿಸಿತು. ಬಿಡದೆ ಇದ್ದಿದ್ದಕ್ಕೆ ಗಫೂರ್ ಸಾಬ್ರು ಕಾರಣ. ಆಫೀಸಿನ ಊಟದ ಬಿಡುವಿನಲ್ಲಿ ಅವರ ಅಂಗಡಿಗೆ ಹೋಗುತ್ತಿದ್ದೆ. ಗುಂಡಿಗಳ ಡಬ್ಬಿಗಳ ನಡುವೆ ಸ್ಟೂಲು ಹಾಕಿ ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ ತರಿಸಿ, "ಮಾತ್ರೆ ಆಯ್ತಾ?" ಅಂತ ಮೊದಲು ಕೇಳುತ್ತಿದ್ದರು. ನನ್ನ ಅಪ್ಪ ಹೋದ ಮೇಲೆ ಅಷ್ಟು ಅಧಿಕಾರದಿಂದ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಮೂರನೇ ಭೇಟಿಯಲ್ಲಿ ಡಾಕ್ಟರಮ್ಮ ಒಂದು ಕೆಲಸ ಕೊಟ್ಟರು. ಮೊದಲು ನನಗೆ ಏನೇನು ಇಷ್ಟ ಇತ್ತು ಅನ್ನೋದನ್ನು ಬರೆದುಕೊಂಡು ಬರಬೇಕು. ಒಂದು ವಾರ ಪೆನ್ನು ಹಿಡಿದು ಕೂತು ಎರಡೇ ಬರೆದೆ. ಒಂದು, ಬಾಲ್ ಬ್ಯಾಡ್ಮಿಂಟನ್. ಇನ್ನೊಂದು, ಸೊಗಡಿನ ಅವರೆಕಾಯಿ. ಅವರು ಓದಿ ನಗಲಿಲ್ಲ. "ಮೊದಲನೇದು ಎಲ್ಲಿ ಆಡ್ತಿದ್ರಿ, ಆ ಜಾಗಕ್ಕೆ ಒಂದ್ಸಲ ಹೋಗಿ ಬನ್ನಿ. ಒಬ್ರೇ ಹೋಗ್ಬೇಡಿ," ಅಂದರು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಸುಮಂಗಲಾಳನ್ನು ಕರೆದುಕೊಂಡು ನಮ್ಮ ಹಳೇ ಕ್ವಾರ್ಟರ್ಸಿಗೆ ಹೋದೆ. ಇಂದಿರಾನಗರದಾಚೆ, ಹಳೇ ಮದ್ರಾಸ್ ರಸ್ತೆಯ ಪಕ್ಕ. ನಾನು ಹುಟ್ಟಿ ಬೆಳೆದಿದ್ದು, ಮದುವೆಯಾಗಿ ಹೆಂಡತಿಯನ್ನು ತಂದಿದ್ದು ಅಲ್ಲಿಗೇ. ಕಾರ್ಖಾನೆಯ ಸೈರನ್ನಿಗೆ ಇಡೀ ಕಾಲೊನಿ ಏಳುತ್ತಿತ್ತು, ಸೈರನ್ನಿಗೆ ಅಪ್ಪಂದಿರು ವಾಪಸ್ ಬರುತ್ತಿದ್ದರು. ಒಂದೇ ಥರದ ಹಸಿರು ಬಾಗಿಲು, ಒಂದೇ ಥರದ ಕಿಟಕಿ. ಒಂದು ಮನೆಯಲ್ಲಿ ತೆಲುಗು, ಪಕ್ಕದಲ್ಲಿ ತಮಿಳು, ಎದುರಿಗೆ ಮಲಯಾಳಂ. ಜಗಳ ಮಾತ್ರ ಎಲ್ಲರೂ ಕನ್ನಡದಲ್ಲಿ ಆಡುತ್ತಿದ್ದೆವು. ಚಳಿಗಾಲ ಬಂದರೆ ಪ್ರತಿ ಮನೆಯ ಮೆಟ್ಟಿಲ ಮೇಲೂ ಹೆಂಗಸರು ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂರುತ್ತಿದ್ದರು. ಸಿಪ್ಪೆ ರಸ್ತೆ ತುಂಬಾ. ಆ ಸೊಗಡಿನ ವಾಸನೆಯಲ್ಲೇ ನಾವು ಆಡುತ್ತಿದ್ದೆವು. ಮಣ್ಣಿನ ಕೋರ್ಟು, ಹಳದಿ ಉಲ್ಲನ್ ಚೆಂಡು, ಒಂದು ಕಡೆಗೆ ಐದು ಜನ. ಫ್ರಂಟಿನಲ್ಲಿ ನಾನು, ಬ್ಯಾಕಿನಲ್ಲಿ ಹಲಸೂರಿನ ಸೆಲ್ವಂ. ನಾನು ಆಡಿದ್ದಕ್ಕಿಂತ ಅಂಪೈರ್ ಜೊತೆ ಜಗಳ ಕಾಯ್ದದ್ದೇ ಜಾಸ್ತಿ.

ಅಪ್ಪ ನಿವೃತ್ತರಾದ ಮೇಲೆ ನಿಯಮದ ಪ್ರಕಾರ ಕ್ವಾರ್ಟರ್ಸ್ ಬಿಡಬೇಕಾಯ್ತು. ಕೆ.ಆರ್. ಪುರದಲ್ಲಿ ಸ್ವಂತ ಮನೆ, ಗೃಹಪ್ರವೇಶ, ಬಂಧು ಬಳಗ. ಅಳುವಂಥದ್ದೇನೂ ಆಗಲಿಲ್ಲ. ಸಂಜೆ ಆಫೀಸಿನಿಂದ ಬಂದು ಏನು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಒಂದು ತಿಂಗಳು ಗೊತ್ತಾಗಲಿಲ್ಲ. ಆಮೇಲೆ ಅದನ್ನು ಕೇಳಿಕೊಳ್ಳುವುದನ್ನೂ ಬಿಟ್ಟೆ.

ಗೇಟಿನ ಸೆಕ್ಯೂರಿಟಿಯವನಿಗೆ ಅಪ್ಪನ ಹೆಸರು, ಮನೆ ನಂಬರು ಹೇಳಿದ್ದಕ್ಕೆ ಬಿಟ್ಟ. ಅರ್ಧ ಮನೆಗಳನ್ನು ಕೆಡವಿದ್ದರು. ಕೋರ್ಟಿನ ಜಾಗದಲ್ಲಿ ಹುಲ್ಲು. ನೆಟ್ ಕಟ್ಟುವ ಒಂದು ಕಂಬ ಮಾತ್ರ ವಾಲಿಕೊಂಡು ನಿಂತಿತ್ತು. ನಾನು ಅದರ ಮೇಲೆ ಕೈ ಇಟ್ಟು ನಿಂತೆ. ಏನಾದರೂ ಆಗುತ್ತೇನೋ ಅಂತ ಕಾದೆ. ಏನೂ ಆಗಲಿಲ್ಲ. ಆಗಿದ್ದು ಸುಮಂಗಲಾಗೆ.

"ಇಲ್ಲೇ ಅಲ್ವಾ," ಅಂದಳು ಇದ್ದಕ್ಕಿದ್ದ ಹಾಗೆ. "ಮದುವೆಯಾಗಿ ತಿಂಗಳಾಗಿರ್ಲಿಲ್ಲ. ಹೇಳ್ದೆ ಕೇಳ್ದೆ ಒಂಬತ್ತು ಜನಾನ ಮನೆಗೆ ಕರ್ಕೊಂಡು ಬಂದ್ರಿ. ನಾನು ಗಡಿಬಿಡೀಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿದ್ದೆ."

ನೆನಪಾಯ್ತು. ಸೆಲ್ವಂ ಒಂದು ಬಜ್ಜಿ ಕಚ್ಚಿ, "ಅಯ್ಯೋ ಅಮ್ಮಾ" ಅಂತ ಬಿಂದಿಗೆಯನ್ನೇ ಎತ್ತಿ ಕುಡಿದಿದ್ದ.

"ನೀವು ಹಾಲ್‌ನಿಂದ ಕೂಗಿದ್ರಿ, 'ದಾವಣಗೆರೆಯವರು ನಮ್ಮನ್ನ ಕೊಲ್ಲೋಕೆ ಇವಳನ್ನ ಕಳಿಸಿದಾರೆ ಕಣ್ರೋ' ಅಂತ. ನಾನು ಸೌಟು ಹಿಡ್ಕೊಂಡು ಹೊರಗೆ ಬಂದೆ. ಒಂಬತ್ತೂ ಜನ ಓಡಿದ್ರು. ನೀವೂ ಓಡಿದ್ರಿ. ಈ ಕಂಬ ಸುತ್ತಿ ಓಡಿದ್ರಿ." ಅವಳು ನಗುತ್ತಿದ್ದಳು. ನಗುತ್ತಾ ಇದ್ದ ಹಾಗೇ ಕಣ್ಣು ತುಂಬಿತು. "ಆ ಮನುಷ್ಯ ನನಗೆ ಎರಡೇ ವರ್ಷ ಸಿಕ್ಕಿದ್ದು ಕಣ್ರೀ. ಸಂಸಾರ ಹಳೇದಾದ್ರೆ ಹಿಂಗೇ ಇರುತ್ತೇನೋ ಅಂದ್ಕೊಂಡು ಸುಮ್ನಿದ್ದೆ. ಒಂದು ಸಲ ಜೋರಾಗಿ ಕೂಗಾಡ್ಲಿ ದೇವ್ರೇ ಅಂತ ಎಷ್ಟು ಸಲ ಅಂದ್ಕೊಂಡಿದೀನಿ ಗೊತ್ತಾ?"

ನಾನು ಅವಳ ಕೈ ಹಿಡಿದುಕೊಂಡೆ. ಸೆಕ್ಯೂರಿಟಿಯವನು ನೋಡುತ್ತಿದ್ದ, ಆದರೂ ಬಿಡಲಿಲ್ಲ.

ಅದಾದ ಮೇಲೆ ಸಣ್ಣ ಸಣ್ಣದು ಆಗತೊಡಗಿತು. ಬಸ್ಸಿನಲ್ಲಿ ಒಬ್ಬ ಕಾಲು ತುಳಿದಾಗ ಸಿಟ್ಟು ಬಂತು, ನಾನೇ ಬೆಚ್ಚಿಬಿದ್ದೆ. ಇನ್ನೊಂದು ದಿನ ಕೌಂಟರಿಗೆ ಒಬ್ಬ ಮುದುಕ ಮಗನ ಪಾಲಿಸಿ ತಂದಿದ್ದ. ಎಲ್ಲಿ ಸಹಿ ಮಾಡಬೇಕು ಅಂತ ತೋರಿಸುತ್ತಿದ್ದವನು ಅರ್ಧಕ್ಕೇ ಎದ್ದೆ. ಬಾತ್‌ರೂಮಿಗೆ ಹೋಗಿ ಅತ್ತೆ. ಹನ್ನೊಂದು ವರ್ಷದ್ದೆಲ್ಲ ಸೇರಿಸಿ ಅತ್ತೆ. ಹೊಸ ಮ್ಯಾನೇಜರು ಪುಣ್ಯಾತ್ಮ, ಮರುವಾರವೇ ನನ್ನನ್ನು ಬೇರೆ ಸೆಕ್ಷನ್ನಿಗೆ ಹಾಕಿದರು. ಆದರೆ ಮನೆಯಲ್ಲಿ, ತಟ್ಟೆಯ ಮುಂದೆ, ನಾನು ಹಾಗೇ ಇದ್ದೆ. ಊಟ ಸ್ವಲ್ಪ ಸಪ್ಪೆ ಅನ್ನಿಸಿದ್ದುಂಟು. ನಾಲಿಗೆಗೆ ಗೊತ್ತಾಗುತ್ತಿತ್ತು, ಹೇಳಬೇಕು ಅಂತ ಮಾತ್ರ ಅನ್ನಿಸುತ್ತಿರಲಿಲ್ಲ. ಯಾಕೆ ಹೇಳಬೇಕು? ತಿಂದರಾಯ್ತು.

ಜನವರಿಯ ಒಂದು ಭಾನುವಾರ. ರಸೆಲ್ ಮಾರ್ಕೆಟ್ಟಿನಿಂದ ನಾನೇ ಆರಿಸಿ ತಂದಿದ್ದ ಅವರೆಕಾಯಿ, ಕಾಯಿ ಹಿಡಿದರೆ ಬೆರಳಿಗೆ ಜಿಡ್ಡು ಅಂಟುವಂಥದ್ದು. ಹಿಂದಿನ ದಿನ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಮೂವರೂ ಕೂತು ಹಿತಕಿದೆವು. ಚೈತ್ರ ಹಿತಕಿದ ಬೇಳೆ ಎರಡು ಸಲ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಮಧ್ಯಾಹ್ನ ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಅಮ್ಮ ಮಾಡುತ್ತಿದ್ದ ಅದೇ ವಾಸನೆ. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದೆ.

"ಏನೇ ಇದು! ಉಪ್ಪೇ ಇಲ್ವಲ್ಲೇ! ಇಂಥ ಅವರೆಕಾಯಿನ ಹೀಗೆ ಹಾಳು ಮಾಡೋದಾ? ನಮ್ಮಮ್ಮ ಇದ್ದಿದ್ರೆ ಏನಂತಿದ್ರು? ಥೂ!"

ಚೈತ್ರಳ ಕೈ ಬಾಯಿಯ ಹತ್ತಿರವೇ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸುಮಂಗಲಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಇನ್ನೊಂದ್ಸಲ ಹೇಳಿ."

"ಉಪ್ಪಿಲ್ಲ ಅಂದೆ! ಕಿವಿ ಕೇಳಲ್ವಾ?"

ಅವಳು ಅಲ್ಲೇ ಬಾಗಿಲ ಹತ್ತಿರ ನೆಲಕ್ಕೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ನನಗೆ ಗಾಬರಿಯಾಗಿ ಎದ್ದೆ. ಚೈತ್ರ ನನ್ನ ತೋಳು ಹಿಡಿದಳು. "ಅಪ್ಪಾ, ಕೂತ್ಕೋ. ನಮ್ಮ ಸಾರಲ್ಲಿ ಉಪ್ಪಿದೆ. ನಿನ್ನದರಲ್ಲಿ ಮಾತ್ರ ಇಲ್ಲ. ಅಮ್ಮ ದಿನಾ ನಿನಗೆ ಅಂತ ಒಂದನ್ನ ಉಪ್ಪು ಹಾಕೋಕೆ ಮುಂಚೆ ಬೇರೆ ತೆಗೆದಿಡ್ತಾರೆ. ಒಂದಿನ ಪಲ್ಯ, ಒಂದಿನ ಸಾರು. ಇವತ್ತಿಗೆ ಮೂವತ್ತೇಳು ದಿನ."

ಮೂವತ್ತೇಳು ದಿನ ನಾನು ಉಪ್ಪಿಲ್ಲದ್ದು ತಿಂದು, ತಟ್ಟೆ ತೊಳೆದಿಟ್ಟು, ಎದ್ದು ಹೋಗಿದ್ದೆ.

"ಯಾಕೇ ಹೀಗೆ ಮಾಡ್ದೆ?" ಅಂತ ಅವಳ ಎದುರು ನೆಲದ ಮೇಲೆ ಕೂತೆ. ಕೈಯಲ್ಲಿ ಇನ್ನೂ ಮುದ್ದೆ ಅಂಟಿತ್ತು.

"ಡಾಕ್ಟರಮ್ಮ ನಿಮ್ಮನ್ನ ತಿಂಗಳಿಗೊಂದ್ಸಲ ನೋಡ್ತಾರೆ," ಅಂದಳು. "ಆ ಮನುಷ್ಯ ವಾಪಸ್ ಬಂದ್ರೆ ನನಗೇ ಮೊದಲು ಗೊತ್ತಾಗ್ಬೇಕಿತ್ತು."

ನಾನು ಹೇಳಿದೆ, "ಅವತ್ತು ಆಟೋದಲ್ಲಿ ಕೇಳಿದ್ಯಲ್ಲ. ಆ ವರ್ಷಗಳದ್ದು ನನಗೆ ಇನ್ನೂ ಗೊತ್ತಿಲ್ಲ. ಇವತ್ತು ಇದೆ."

"ಏನಿದೆ?"

"ಖುಷಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಹಾಗಾದ್ರೆ ಕೊಡಿ ಇಲ್ಲಿ ತಟ್ಟೆ," ಅಂದಳು. "ಉಪ್ಪು ಹಾಕ್ಕೊಡ್ತೀನಿ."